ಎರಡನೇ ಸಲ ಮೆಡಿಕಲ್ ಸ್ಕೂಲಿಗೆ ಅರ್ಜಿ: ಯಾವ ಕಷ್ಟ ಬರೆಯಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನಿರುವುದು ನ್ಯೂಜೆರ್ಸಿಯಲ್ಲಿ, ವಯಸ್ಸು 24. ಏಳನೇ ಕ್ಲಾಸಿನವರೆಗೆ ಶಿವಮೊಗ್ಗದಲ್ಲಿ ಓದಿದ್ದು, ಆಮೇಲೆ ಇಲ್ಲೇ. ಕಳೆದ ವರ್ಷ 22 ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದ್ದೆ. ಎರಡು ಕಡೆ ಇಂಟರ್‌ವ್ಯೂ ಆಯಿತು, ಒಂದು ಕಡೆ ವೇಟ್‌ಲಿಸ್ಟ್ ಆಯಿತು, ಸೀಟು ಮಾತ್ರ ಸಿಗಲಿಲ್ಲ. ಈಗ ಮತ್ತೆ ಹಾಕುತ್ತಿದ್ದೇನೆ. "ನೀವು ಎದುರಿಸಿದ ಒಂದು ಕಷ್ಟದ ಬಗ್ಗೆ ಬರೆಯಿರಿ" ಅನ್ನೋ ಪ್ರಶ್ನೆ ಎಲ್ಲ ಕಡೆ ಬರುತ್ತೆ. ಅಪ್ಪನ ಬೈಪಾಸ್ ಆಪರೇಷನ್ ಬಗ್ಗೆ ಬರೆಯಲಾ? ಆಗ ನಾನು ಕಾಲೇಜಿನ ಎರಡನೇ ವರ್ಷ. ಅವರಿಗೆ ಎಂಟು ತಿಂಗಳು ಕೆಲಸ ಇರಲಿಲ್ಲ. ನಾನು ಅಂಗಡಿಯಲ್ಲಿ ವಾರಕ್ಕೆ 25 ಗಂಟೆ ದುಡಿಯುತ್ತಿದ್ದೆ, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂತು. ಇಲ್ಲ, ಕಳೆದ ವರ್ಷ ಸೀಟು ಸಿಗದೇ ಹೋದದ್ದನ್ನೇ ಬರೆಯಲಾ? ಅಜ್ಜಿಯ ಜೊತೆ ಕ್ಲಿನಿಕ್‌ಗೆ ಹೋಗಿ ತಪ್ಪಾಗಿ ಅನುವಾದ ಮಾಡಿದ್ದೂ ಒಂದಿದೆ, ಆದರೆ ಅದು ತೀರಾ ಚಿಕ್ಕದು.

ಉತ್ತರ: ನನ್ನ ಮಗಳ ವಯಸ್ಸಿನವಳು, ನೀನು ಅಂತಲೇ ಬರೆಯುತ್ತೇನೆ. ಕೆಲವು ವರ್ಷ ಅಡ್ಮಿಷನ್ ಕಮಿಟಿಯಲ್ಲಿ ಕೂತು ಇಂಥ ಬರಹ ರಾಶಿ ರಾಶಿ ಓದಿದ್ದೇನೆ. ಕಷ್ಟ ಎಷ್ಟು ದೊಡ್ಡದು ಅಂತ ನಾವು ತೂಗುತ್ತಿರಲಿಲ್ಲ. ಆ ಕಷ್ಟದೊಳಗೆ ಬರೆದವರ ಕೈ ಎಲ್ಲಿದೆ ಅಂತ ಹುಡುಕುತ್ತಿದ್ದೆವು.

ಸೀಟು ಸಿಗದ್ದನ್ನು ಮೊದಲು ಪಕ್ಕಕ್ಕಿಡು. 2023ರಲ್ಲಿ ಅಮೆರಿಕದ ಎಂ.ಡಿ. ಸ್ಕೂಲುಗಳಿಗೆ (ಇಲ್ಲಿ ಡಾಕ್ಟರಾಗಲು ಓದುವ ಮೊದಲ ಪದವಿಯೇ ಎಂ.ಡಿ.) ಅರ್ಜಿ ಹಾಕಿದವರು ಸುಮಾರು 52 ಸಾವಿರ, ಸೇರಿದವರು ಸುಮಾರು 23 ಸಾವಿರ. ಅರ್ಧಕ್ಕಿಂತ ಹೆಚ್ಚು ಜನ ಉಂಡ ನೋವು ಅದು. ನಿನಗೆ ಅದು ಎಷ್ಟು ಚುಚ್ಚಿತು ಅಂತ ನನಗೆ ಗೊತ್ತು, ಆದರೆ ಓದುವವರಿಗೆ ಅದರಿಂದ ನಿನ್ನ ಬಗ್ಗೆ ಹೊಸದೇನೂ ತಿಳಿಯೋದಿಲ್ಲ. "ಹಿಂದೆ ಅರ್ಜಿ ಹಾಕಿದ್ದರೆ, ಆಮೇಲೆ ಏನು ಬದಲಾಗಿದೆ?" ಅಂತ ಕೆಲವು ಸ್ಕೂಲು ಪ್ರತ್ಯೇಕವಾಗಿ ಕೇಳುತ್ತವೆ. ಅದರ ಜಾಗ ಅಲ್ಲಿ.

ಅಪ್ಪನ ವಿಷಯ ಬೇರೆ. ಅಲ್ಲಿ ಕಷ್ಟಪಟ್ಟವರು, ಗುಣವಾದವರು ಎರಡೂ ಅಪ್ಪನೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಳುತ್ತಾ ನಿಂತದ್ದನ್ನು ಬರೆದರೆ ಓದಿದವರಿಗೆ ಅಯ್ಯೋ ಅನ್ನಿಸುತ್ತೆ, ಆದರೆ ನೀನು ಕಾಣಿಸೋದಿಲ್ಲ. ಬರೆಯಬೇಕಾದದ್ದು ಆ 25 ಗಂಟೆಯ ದುಡಿಮೆ ಮತ್ತು ಆ ಸಿ. ಆಮ್‌ಕ್ಯಾಸ್ ಅರ್ಜಿಯಲ್ಲಿ, ಅಂದರೆ ಎಂ.ಡಿ. ಸ್ಕೂಲುಗಳಿಗೆಲ್ಲ ಒಟ್ಟಿಗೆ ಹಾಕುವ ಮೊದಲ ಅರ್ಜಿಯಲ್ಲಿ, ಬದುಕಿನಲ್ಲಿ ಎದುರಾದ ಅಡ್ಡಿಗಳ ಬಗ್ಗೆ 1325 ಅಕ್ಷರದ ಒಂದು ಐಚ್ಛಿಕ ಪ್ರಶ್ನೆ ಇದೆ. ಹಣದ ತೊಂದರೆ, ಮನೆಯ ಪರಿಸ್ಥಿತಿ ಇಂಥದ್ದಕ್ಕೇ ಇಟ್ಟದ್ದು ಅದು. ಅಲ್ಲಿ ನೆಟ್ಟಗೆ ಬರೆ: ಆದಾಯ ನಿಂತಿತು, ಇಷ್ಟು ದುಡಿದೆ, ಗ್ರೇಡ್ ಬಿತ್ತು, ಆಮೇಲಿನ ಸೆಮಿಸ್ಟರುಗಳಲ್ಲಿ ಹೀಗೆ ಎದ್ದೆ. ಉಪಮೆ, ಅಲಂಕಾರ ಏನೂ ಬೇಡ.

ಈಗ ಅಜ್ಜಿಯ ವಿಷಯ. ಅದು ಚಿಕ್ಕದು ಅಂತ ನಿನಗೆ ಹೇಳಿದವರು ಯಾರು? ಅಲ್ಲಿ ಏನಾಯಿತು, ಪೂರ್ತಿ ಬರೆ ನೋಡೋಣ.

ಪ್ರಶ್ನೆ ಕೇಳಿದವರು: ಎರಡು ವರ್ಷದ ಹಿಂದೆ ಅಜ್ಜಿ ಆರು ತಿಂಗಳಿಗೆ ಅಂತ ಬಂದಿದ್ದರು. ಶುಗರ್ ಜಾಸ್ತಿ ಇತ್ತು, ಇಲ್ಲಿನ ಡಾಕ್ಟರ್ ಮೆಟ್‌ಫಾರ್ಮಿನ್ ಶುರು ಮಾಡಿದರು. ಮುಂದಿನ ಸಲ ಹೋದಾಗ ಅಜ್ಜಿ, "ಒಂಥರಾ ಸಂಕಟ ಕಣೇ, ಊಟ ಸೇರಲ್ಲ" ಅಂದರು. ನಾನು ಇಂಗ್ಲಿಷಿನಲ್ಲಿ, ಇವರಿಗೆ ಮನಸ್ಸಿಗೆ ತುಂಬಾ ಬೇಸರ, ಊಟ ಬೇಡವಂತೆ ಅಂದೆ. ಡಾಕ್ಟರ್ ಖಿನ್ನತೆಯ ಪ್ರಶ್ನೆಗಳ ಹಾಳೆ ತೆಗೆದು ಒಂದೊಂದಾಗಿ ಕೇಳಿದರು. ಅಜ್ಜಿ ಎಲ್ಲದಕ್ಕೂ ನನ್ನ ಮುಖ ನೋಡಿ ತಲೆ ಆಡಿಸಿದರು. ಮಾತ್ರೆಯ ಮಾತೇ ಬರಲಿಲ್ಲ. ಮೂರು ವಾರ ಆದಮೇಲೆ ಅಮ್ಮ, "ಅಯ್ಯೋ, ಅವರು ಹೇಳಿದ್ದು ಹೊಟ್ಟೆ ತೊಳಸುತ್ತೆ ಅಂತ ಕಣೇ" ಅಂದರು. ಮತ್ತೆ ಹೋದೆವು. ಡೋಸ್ ಇಳಿಸಿ, ನಿಧಾನವಾಗಿ ಕರಗುವ ಮಾತ್ರೆ ಕೊಟ್ಟು, ಊಟದ ಜೊತೆ ತಗೋಳಿ ಅಂದರು. ಸರಿಹೋಯಿತು. ನನಗೆ ನಾಚಿಕೆಯಾಯಿತು. ಸೀಟು ಸಿಗದ ಈ ವರ್ಷದಲ್ಲಿ ಮೆಡಿಕಲ್ ಇಂಟರ್‌ಪ್ರಿಟರ್‌ಗಳ 40 ಗಂಟೆಯ ತರಬೇತಿ ಮುಗಿಸಿದೆ. ಈಗ ಶನಿವಾರ ಒಂದು ಉಚಿತ ಕ್ಲಿನಿಕ್‌ನಲ್ಲಿ ಕನ್ನಡ, ಹಿಂದಿಯವರಿಗೆ ಅನುವಾದ ಮಾಡುತ್ತೇನೆ.

ಉತ್ತರ: ಇದನ್ನು ಬಿಟ್ಟು ಬೇರೆ ಏನು ಬರೆಯೋಕೆ ಹೊರಟಿದ್ದೆ ಮಗಳೇ! ಸೆಕೆಂಡರಿಯಲ್ಲಿ, ಅಂದರೆ ಆಮೇಲೆ ಪ್ರತಿ ಸ್ಕೂಲು ಬೇರೆಯಾಗಿ ಕಳಿಸುವ ಎರಡನೇ ಅರ್ಜಿಯಲ್ಲಿ, ಕಷ್ಟ, ತಪ್ಪು, ಸೋಲು, ಯಾವ ಹೆಸರಿನಲ್ಲಿ ಕೇಳಿದರೂ ಇದೇ ನಿನ್ನ ಉತ್ತರ. ತಪ್ಪು ನಿನ್ನದು, ಅದರಿಂದ ನರಳಿದವರು ಇನ್ನೊಬ್ಬರು, ಸರಿಮಾಡಲು ಹೊರಟವಳೂ ನೀನೇ. ವೈದ್ಯರ ಬದುಕಿನಲ್ಲಿ ಇದು ಮತ್ತೆ ಮತ್ತೆ ಬರುತ್ತೆ. ನನಗೂ ಬಂದಿದೆ.

ಬರೆಯುವಾಗ "ಸಂಕಟ" ಅನ್ನೋ ಪದವನ್ನು ಹಾಗೇ ಇಟ್ಟು, ಅದಕ್ಕೆ ಎರಡು ಅರ್ಥ ಇದೆ ಅಂತ ಒಂದೇ ವಾಕ್ಯದಲ್ಲಿ ಹೇಳು. ಘಟನೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಉಳಿದ ಜಾಗವೆಲ್ಲ ನೀನು ಆಮೇಲೆ ಮಾಡಿದ್ದಕ್ಕೆ. ಈಗ ಶನಿವಾರ ಯಾರಾದರೂ ಸಂಕಟ ಅಂದರೆ ನೀನು ಏನು ಮಾಡುತ್ತೀ, ಅದನ್ನು ತೋರಿಸು. ಆ ಕ್ಲಿನಿಕ್‌ನವರು ಇಂಟರ್‌ಪ್ರಿಟರ್ ಕರೆಸಬೇಕಿತ್ತು ನಿಜ. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ಅದನ್ನು ಉಚಿತವಾಗಿ ಒದಗಿಸಬೇಕು ಅಂತ ಇಲ್ಲಿ ಕಾನೂನೇ ಇದೆ. ಆದರೆ ಅವರ ಮೇಲೆ ದೂರು ಹೊರಿಸಿದ ಕ್ಷಣ ಬರಹ ನಿನ್ನ ಕೈ ತಪ್ಪುತ್ತೆ. ಹೋದ ಸಲ ಹಾಕಿದ ಸ್ಕೂಲುಗಳಿಗೇ ಹಾಕುವುದಾದರೆ ಯಾಕೆ ಡಾಕ್ಟರಾಗಬೇಕು ಅಂತ ಬರೆದ ಹಳೇ ಪರ್ಸನಲ್ ಸ್ಟೇಟ್‌ಮೆಂಟ್ ತಿದ್ದಿ ಕಳಿಸಬೇಡ, ಹೊಸದು ಬರೆ. ಹಳೇ ಫೈಲ್ ತೆಗೆದು ಪಕ್ಕದಲ್ಲಿಟ್ಟು ಓದುವವರಿದ್ದಾರೆ.

ಬರೆದದ್ದರ ಬಗ್ಗೆ ಇಂಟರ್‌ವ್ಯೂನಲ್ಲಿ ಕೇಳೇ ಕೇಳುತ್ತಾರೆ. ಗಂಟಲು ಕಟ್ಟದೆ ಹೇಳಲಾಗದ ವಿಷಯ ಇದ್ದರೆ ಈ ವರ್ಷ ಬೇಡ.

ಗುಂಪಿನ ಸದಸ್ಯರೊಬ್ಬರು: ಡಾಕ್ಟ್ರೇ, ನನ್ನ ಮಗನಿಗೆ 21 ತುಂಬಿ, ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಸಿಕ್ಕಿದ್ದ ಎಚ್-4 ಹೋಯಿತು, ಈಗ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇದ್ದಾನೆ. ಈ ವೀಸಾ ಪಾಡನ್ನು ಬರೆಯಬಹುದಾ?

ಉತ್ತರ: ಬರೆಯಬಹುದು ಸರ್. ಅದರಿಂದ ಅವನ ಓದು, ಕೆಲಸ ಹೇಗೆ ಬದಲಾಯಿತು ಅನ್ನೋದು ಮುಖ್ಯ. ಆದರೆ ಬರೆಯೋಕೆ ಮುಂಚೆ ಸ್ಕೂಲುಗಳ ಪಟ್ಟಿ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನು ಬಹಳಷ್ಟು ಮೆಡಿಕಲ್ ಸ್ಕೂಲುಗಳು ತೆಗೆದುಕೊಳ್ಳುವುದೇ ಇಲ್ಲ. ಪ್ರತಿ ಸ್ಕೂಲಿನ ನಿಯಮ ಓದಿ ಆಮೇಲೆ ಫೀಸ್ ಕಟ್ಟಿ.

ಪ್ರಶ್ನೆ ಕೇಳಿದವರು: ಮೇಡಂ, ಬರೆಯೋ ಮುಂಚೆ ಅಜ್ಜಿಯ ಒಪ್ಪಿಗೆ ಕೇಳೋಣ ಅಂತ ಶಿವಮೊಗ್ಗಕ್ಕೆ ಫೋನ್ ಮಾಡಿದೆ. "ಬರಿ, ನನ್ನ ಹೆಸರು ಹಾಕಬೇಡ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂರು ವಾರ ನಾನು ಮಾತ್ರೆ ನುಂಗಲೇ ಇಲ್ಲ ಕಣೇ. ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ" ಅಂದರು. ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ಉತ್ತರ: ಆ ಮಾತನ್ನು ಅವರು ಹೇಳಿದ ಹಾಗೇ ಸೇರಿಸು. ಜಾಗ ಸಾಲದಿದ್ದರೆ ನಿನ್ನ ನಾಚಿಕೆಯ ವಾಕ್ಯ ತೆಗೆದುಹಾಕು. ಬರೆದಾದ ಮೇಲೆ ನನಗೆ ಕಳಿಸು, ಓದುತ್ತೇನೆ.