ಮಾವನ ಅಟ್ಟದ ಕೆಳಗಿನ ಡಾಲ್ಫಿನ್: ಇಂಜಿನ್ ಬದಲಿಸಬೇಕಾ?

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಹತ್ತಿರ ನಮ್ಮ ಸೋದರಮಾವನ ಮನೆ. ಅಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಒಂದು ಸಿಪಾನಿ ಡಾಲ್ಫಿನ್ ಕಾರು ನಿಂತಿದೆ. 1984ರ ಗಾಡಿ. ನಂಬರ್ ಪ್ಲೇಟ್ ಕೆಎ ಬರೋದಕ್ಕಿಂತ ಮುಂಚಿನದು. ನಿಂತು 18 ವರ್ಷ ಆಯ್ತು. ಹಿಂದಿನ ಸೀಟನ್ನು ಕೋಳಿಗಳು ತಮ್ಮ ಹೆಸರಿಗೆ ಬರೆಸಿಕೊಂಡಿವೆ.

ಊರಿನ ಮೆಕ್ಯಾನಿಕ್ ನೋಡಿ, "ಇದರ ಪಾರ್ಟ್ಸ್ ಎಲ್ಲೂ ಸಿಗಲ್ಲ, ಸುಮ್ನೆ ಮಾರುತಿ 800 ಇಂಜಿನ್ ಕೂರಿಸಿಬಿಡಿ" ಅಂದರು. ಮಾವ ಒಪ್ಪುತ್ತಿಲ್ಲ. "ಇಂಜಿನ್ ತೆಗೆಯೋ ಹಾಗಿದ್ರೆ ಗಾಡಿನೂ ನೀನೇ ಎಳ್ಕೊಂಡು ಹೋಗು" ಅಂತಾರೆ. ಏನು ಮಾಡಲಿ? ಎಡಗಡೆ ಮಡ್‌ಗಾರ್ಡ್ ಹತ್ತಿರ ಒಂದು ಗುಳಿ ಕೂಡ ಇದೆ. ಟಿಂಕರಿಂಗ್‌ಗೆ ಕೊಡಲಾ?

ಗ್ರೀಸ್‌ಕೈ:
ಅಯ್ಯೋ, ಟಿಂಕರಿಂಗ್‌ಗೆ ಮಾತ್ರ ಕೊಡಬೇಡಿ! ಅದು ತಗಡಲ್ಲ, ಫೈಬರ್. ನನ್ನ ಡಾಲ್ಫಿನ್ ಬಾಗಿಲಿಗೂ ಹೀಗೇ ಒಂದು ಪೆಟ್ಟು ಬಿದ್ದಿತ್ತು. ಒಂದು ಶೆಡ್‌ಗೆ ಬಿಟ್ಟು ಟೀ ಕುಡಿಯೋಕೆ ಹೋದೆ. ವಾಪಸ್ ಬರುವಷ್ಟರಲ್ಲಿ ಹುಡುಗ ಒಳಗಿಂದ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದ್ದ. ಬಾಗಿಲು ಹಪ್ಪಳದ ಹಾಗೆ ಒಡೆದಿತ್ತು. ಅವನೂ ಗಾಬರಿ, ನಾನೂ ಗಾಬರಿ.

ಈಗ ಇಂಜಿನ್ ವಿಷಯ. ನಿಮ್ಮ ಮಾವನ ಮಾತೇ ಸರಿ. ಈ ಗಾಡಿಯ ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. ಅದನ್ನೇ ನಮ್ಮ ಬೆಂಗಳೂರಲ್ಲಿ ಡಾಲ್ಫಿನ್ ಅಂತ ಮಾಡಿದರು. 848 ಸಿಸಿ, ನಾಲ್ಕು ಸಿಲಿಂಡರ್, ಬ್ಲಾಕೂ ಹೆಡ್ಡೂ ಎರಡೂ ಅಲ್ಯೂಮಿನಿಯಂ. ಆ ಕಾಲದ ಅಂಬಾಸಿಡರ್ ಬಾನೆಟ್ ಎತ್ತಿದರೆ 1489 ಸಿಸಿ ಬೀಡು ಕಬ್ಬಿಣದ ಗುಂಡುಕಲ್ಲು. ಅದರ ಪಕ್ಕದಲ್ಲಿ ಇದು ಆಟದ ಸಾಮಾನು ಅನ್ನಿಸುತ್ತೆ. ಆದರೆ ಮೈಯೂ ಹಗುರ, ಇಂಜಿನ್ನೂ ಹಗುರ. ಆಕ್ಸಿಲರೇಟರ್ ಒತ್ತಿದರೆ ಮೇಕೆಮರಿ ಹಾಗೆ ಜಿಗಿಯುತ್ತೆ. ಮದ್ರಾಸ್ ಹತ್ತಿರದ ಶೋಲಾವರಂ ಕಾರ್ ರೇಸ್‌ಗಳಲ್ಲಿ ಓಡಿದ ಗಾಡಿ ಇದು.

ಕೆಲಸ ಹೀಗೆ ಶುರು ಮಾಡಿ. ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಬಿಡಿ. ಎರಡು ದಿನ ಸುಮ್ಮನೆ ಬಿಟ್ಟುಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಒಂದು ಸುತ್ತು ತಿರುಗಿತು ಅಂದರೆ ಅರ್ಧ ಗೆದ್ದ ಹಾಗೆ. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಅದು ವಾರ್ನಿಷ್ ಆಗಿರುತ್ತೆ. ಹೆಡ್ ಬಿಚ್ಚುವ ಪ್ರಸಂಗ ಬಂದರೆ ಒಂದು ಮಾತು ನೆನಪಿರಲಿ: ಇದರದ್ದು ವೆಟ್ ಲೈನರ್. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ. ನೀರು ನೇರವಾಗಿ ಲೈನರ್ ಸುತ್ತಲೇ ಓಡಾಡುತ್ತೆ. ಹೆಡ್ ತೆಗೆದ ಮೇಲೆ ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಪಿಸ್ಟನ್ ಜೊತೆ ಮೇಲೆದ್ದು ಬರಬಹುದು. ಆಮೇಲೆ ಕೆಳಗಿನ ಆಯಿಲ್ ಸಂಪ್‌ಗೆ ನೀರು ಇಳಿಯುತ್ತೆ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡವೇ ಬೇಡ, ಕೂಲೆಂಟ್ ಹಾಕಿ.

ಮೈ ತುಕ್ಕು ಹಿಡಿಯಲ್ಲ ನಿಜ, ಆದರೆ ಕೆಳಗಿನ ಚಾಸಿ ಕಬ್ಬಿಣವೇ. ಟಾರ್ಚ್ ಹಿಡಿದು ಮಲಗಿ, ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ನಾನಾಗಿದ್ದರೆ ಇಂಜಿನ್‌ಗಿಂತ ಮೊದಲು ಅದನ್ನೇ ನೋಡುತ್ತಿದ್ದೆ.

ಕುಡ್ಲದಫಿಯಟ್:
ನಾನು ಪ್ರೀಮಿಯರ್ ಪದ್ಮಿನಿ ಕಾರಿನ ಪಾರ್ಟಿ, ಮೊದಲೇ ಹೇಳಿಬಿಡ್ತೇನೆ. ಸ್ಟೀರಿಂಗ್ ಪಕ್ಕದ ಗೇರ್ ಇಲ್ಲದ ಹಳೇ ಕಾರು ನನಗೆ ಕಾರೇ ಅಲ್ಲ. ಆದರೂ ಆ ಮೆಕ್ಯಾನಿಕ್ ಮಾತು ಕೇಳಬೇಡಿ ಮಾರಾಯ್ರೆ. ಮಾರುತಿ 800ರಲ್ಲಿ ಇಂಜಿನ್ ಅಡ್ಡ ಕೂತಿರ್ತದೆ, ಎಳೆಯೋದು ಮುಂದಿನ ಚಕ್ರ. ಡಾಲ್ಫಿನ್‌ನಲ್ಲಿ ಇಂಜಿನ್ ಉದ್ದಕ್ಕೆ, ತಳ್ಳೋದು ಹಿಂದಿನ ಚಕ್ರ. ಹಾಕಲೇಬೇಕು ಅಂತಿದ್ರೆ ಓಮ್ನಿದು ನೋಡಬೇಕು. ಅದೇ 796 ಸಿಸಿ, ಆದರೆ ಉದ್ದಕ್ಕೆ ಕೂತು ಹಿಂದಿನ ಚಕ್ರಕ್ಕೆ ಕೊಡ್ತದೆ. ಅದಕ್ಕೂ ಆರ್‌ಟಿಒ ಅನುಮತಿ ಮೊದಲೇ ಬೇಕು, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಏರಿಸಬೇಕು. ಯಾರಿಗೆ ಬೇಕು ಈ ತಲೆಬಿಸಿ!

ಫೈಬರ್ ಕೆಲಸಕ್ಕೆ ಕಾರಿನವರನ್ನೇ ಹುಡುಕಬೇಡಿ. ನಮ್ಮಲ್ಲಿ ಬೋಟ್ ರಿಪೇರಿಯವರು ದಿನಾ ಮಾಡುವ ಕೆಲಸ ಅದು. ಒಡೆದ ಕಡೆ ಉಜ್ಜಿ, ಫೈಬರ್ ಮ್ಯಾಟ್ ಇಟ್ಟು, ರೆಸಿನ್ ಬಳಿದು ಬಿಟ್ರೆ ಆಯ್ತು.

ಮೂರುಚಕ್ರ:
ಡಾಲ್ಫಿನ್‌ಗಿಂತ ಮುಂಚಿನ ಬಾದಲ್ ಕಾರು ಯಾರಿಗಾದರೂ ನೆನಪಿದೆಯಾ? ಅದೂ ಬೆಂಗಳೂರಿನದೇ, ಮೂರೇ ಚಕ್ರ, 198 ಸಿಸಿ. ಯಾರ ಅಟ್ಟದ ಕೆಳಗಾದರೂ ಇದ್ದರೆ ನನಗೊಂದು ಮಾತು ತಿಳಿಸಿ.

ತೆಂಗಿನತೋಟ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೋಗಿದ್ದೆ. ಚಾಸಿ ಹಿಂದುಗಡೆ ಒಂದು ಕಡೆ ಮಾತ್ರ ಸ್ಕ್ರೂಡ್ರೈವರ್ ಒಳಗೆ ಹೋಯ್ತು, ಬೆರಳಗಲ ತೂತು. ಪ್ಲಗ್‌ಗಳಲ್ಲಿ ಮೂರು ಬಂದವು, ನಾಲ್ಕನೇದು ಜಪ್ಪಯ್ಯ ಅಂದ್ರೂ ಬರಲಿಲ್ಲ. ಮಾವ ಅದಕ್ಕೆ ಸೀಮೆಎಣ್ಣೆ ಬಿಟ್ಟು, "ನಾಳೆ ನಾನು ನೋಡ್ಕೋತೀನಿ, ನೀನು ಮುಟ್ಟಬೇಡ" ಅಂದರು. ರಾತ್ರಿ ಫೋನ್ ಮಾಡಿದ್ದೆ. ಕೋಳಿಗಳಿಗೆ ಬೇರೆ ಬುಟ್ಟಿ ತಂದಿದ್ದಾರಂತೆ.