ಶಿಕ್ಷಕರು ಮತ್ತು ಮುಖ್ಯಾಧ್ಯಾಪಕಿ ಜಗಳ: ಪಾಲಕರು ಎಲ್ಲಿಯವರೆಗೆ ಹೋಗಬಹುದು?

ಮುಲುಂಡಿನ ತಾಯಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮಕ್ಕಳದು ಮುಂಬಯಿಯಲ್ಲಿ ಕನ್ನಡಿಗರ ಸಂಸ್ಥೆ ನಡೆಸುವ ಶಾಲೆ, ಒಂದರಿಂದ ಹತ್ತರವರೆಗೆ, ಅನುದಾನಿತ, ಸ್ಟೇಟ್ ಬೋರ್ಡ್. ಭಾಷಾ ಅಲ್ಪಸಂಖ್ಯಾತ ದರ್ಜೆ ಇದೆ. ಹೆಚ್ಚಿನ ಶಿಕ್ಷಕರು ಸೇರಿ ಮುಖ್ಯಾಧ್ಯಾಪಕಿಯವರ ಮೇಲೆ ಸಂಸ್ಥೆಗೆ ಲಿಖಿತ ದೂರು ಕೊಟ್ಟಿದ್ದಾರೆ. ಮಾತೆತ್ತಿದರೆ ಮೆಮೊ, ರಜೆ ಮಂಜೂರು ಮಾಡುವಾಗ ತಾರತಮ್ಯ, ಎಲ್ಲರೆದುರು ಬೈಗುಳ ಎಂಬುದು ಅವರ ದೂರು. ತಡವಾಗಿ ಬರುವುದನ್ನು, ತಾಸು ಬಿಟ್ಟು ಸ್ಟಾಫ್‌ರೂಮಿನಲ್ಲಿ ಕೂರುವುದನ್ನು ಪ್ರಶ್ನಿಸಿದ್ದಕ್ಕೇ ಇಷ್ಟೆಲ್ಲ ಎಂದು ಮೇಡಂ ಕಡೆಯವರು ಹೇಳುತ್ತಾರೆ. ಇಬ್ಬರು ಶಿಕ್ಷಕರಿಗೆ ನೋಟಿಸ್ ಹೋಗಿದೆ, ಒಬ್ಬರನ್ನು ಸಸ್ಪೆಂಡ್ ಮಾಡುತ್ತಾರೆಂಬ ಸುದ್ದಿ ಇದೆ.

ಈಗ ಎರಡೂ ಕಡೆಯವರು ಪಾಲಕರ ಸಹಿ ಕೇಳುತ್ತಿದ್ದಾರೆ. ಒಂಬತ್ತು, ಹತ್ತನೇ ತರಗತಿಯಲ್ಲಿ ಪೀರಿಯಡ್‌ಗಳು ತಪ್ಪುತ್ತಿವೆ, ಪ್ರಾಕ್ಸಿಗೆ ಬಂದವರು ಸುಮ್ಮನೆ ಕೂರಿಸಿ ಹೋಗುತ್ತಾರೆ. ಸಹಿ ಹಾಕಬೇಕೇ? ಪಿಟಿಎಯಲ್ಲಿ (ಪಾಲಕ-ಶಿಕ್ಷಕ ಸಂಘ) ಠರಾವು ಮಾಡಬಹುದೇ? ಶಿಕ್ಷಣ ನಿರೀಕ್ಷಕರ ಕಚೇರಿಗೆ ಪಾಲಕರೇ ಹೋದರೆ ನಡೆಯುತ್ತದೆಯೇ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಮಾಟುಂಗ ವಕೀಲ:

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಶಿಕ್ಷಕರ ನೌಕರಿಯ ವಿಷಯದಲ್ಲಿ ಪಾಲಕರು ಪಕ್ಷಗಾರರಲ್ಲ. ಮಹಾರಾಷ್ಟ್ರದಲ್ಲಿ ಅದಕ್ಕೆಂದೇ 1977ರ ಖಾಸಗಿ ಶಾಲಾ ನೌಕರರ ಸೇವಾ ಷರತ್ತು ಕಾಯ್ದೆ ಮತ್ತು 1981ರ ನಿಯಮಗಳಿವೆ. ಶಾಲಾ ಕಚೇರಿಗಳಲ್ಲಿ ಇದನ್ನು ‘ಎಂಇಪಿಎಸ್’ ಅನ್ನುತ್ತಾರೆ. ಮುಖ್ಯಾಧ್ಯಾಪಕಿಯೂ ಈ ಕಾಯ್ದೆಯ ಕಣ್ಣಿಗೆ ನೌಕರರೇ. ಹಾಗಾಗಿ ‘ಮೇಡಂ ಅವರನ್ನು ತೆಗೆಯಿರಿ’ ಎಂದು ಮುನ್ನೂರು ಪಾಲಕರು ಸಹಿ ಹಾಕಿದರೂ, ಆ ಸಹಿಗಳ ಬಲದ ಮೇಲೆ ಸಂಸ್ಥೆ ಅವರನ್ನು ತೆಗೆಯಲು ಬರುವುದಿಲ್ಲ. ಶಿಕ್ಷಕರಿಗೂ ಇದೇ ಮಾತು.

ದಾರಿ ಹೀಗಿದೆ. ಆರೋಪಪಟ್ಟಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ (ಈ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನವಾಗಿದೆ) ಕಳಿಸಿ ಏಳು ದಿನದಲ್ಲಿ ಲಿಖಿತ ವಿವರಣೆ ಕೇಳಬೇಕು. ವಿವರಣೆ ಒಪ್ಪಿಗೆಯಾಗದಿದ್ದರೆ ನಿಯಮ 36ರ ಪ್ರಕಾರ ಮೂವರ ಚೌಕಶಿ (ವಿಚಾರಣಾ) ಸಮಿತಿ. ಶಿಕ್ಷಕರ ಪ್ರಕರಣವಾದರೆ ಸಂಸ್ಥೆಯ ಕಡೆಯಿಂದ ಒಬ್ಬರು, ಆ ಶಿಕ್ಷಕರೇ ಯಾವುದಾದರೂ ಖಾಸಗಿ ಶಾಲೆಯ ನೌಕರರಲ್ಲಿ ಆರಿಸಿಕೊಂಡ ಒಬ್ಬರು, ರಾಜ್ಯ ಅಥವಾ ರಾಷ್ಟ್ರ ಪ್ರಶಸ್ತಿ ಪಡೆದ ಶಿಕ್ಷಕರ ಪಟ್ಟಿಯಿಂದ ಒಬ್ಬರು. ಮುಖ್ಯಾಧ್ಯಾಪಕರ ಮೇಲೆ ಚೌಕಶಿಯಾದರೆ ಸಂಸ್ಥೆಯ ಅಧ್ಯಕ್ಷರೇ ಕೂರಬೇಕು, ಮೂರನೆಯವರು ಪ್ರಶಸ್ತಿ ಪಡೆದ ಮುಖ್ಯಾಧ್ಯಾಪಕರಾಗಿರಬೇಕು. ಪಾಲಕರಿಗೆ ಈ ಸಮಿತಿಯಲ್ಲಿ ಜಾಗವಿಲ್ಲ. ಸಾಮಾನ್ಯವಾಗಿ ಮೊದಲ ಸಭೆ ಅಥವಾ ಸಸ್ಪೆನ್ಷನ್, ಯಾವುದು ಮೊದಲೋ ಆ ತಾರೀಕಿನಿಂದ 120 ದಿನದೊಳಗೆ ಮುಗಿಸಬೇಕು ಎಂದಿದೆ.

ಸಸ್ಪೆನ್ಷನ್ ಬಗ್ಗೆ: ನಿಯಮ ಹೇಳುವುದು ಶಿಕ್ಷಣ ಇಲಾಖೆಯ ಪೂರ್ವಾನುಮತಿ ಪಡೆದು ಮಾಡಬೇಕೆಂದು. ಅನುಮತಿ ಇದ್ದರೆ ಮೊದಲ ನಾಲ್ಕು ತಿಂಗಳ ನಿರ್ವಾಹ ಭತ್ಯೆ ಸರಕಾರದ ವೇತನ ವ್ಯವಸ್ಥೆಯಿಂದ ಬರುತ್ತದೆ, ಆಮೇಲಿನದು ಸಂಸ್ಥೆಯ ಜೇಬಿನಿಂದ. ಅನುಮತಿ ಇಲ್ಲದೆ ಮಾಡಿದರೆ ಮೊದಲ ದಿನದಿಂದಲೇ ಸಂಸ್ಥೆ ಕೊಡಬೇಕು. ನಾಲ್ಕು ತಿಂಗಳ ಮೇಲೆ ಎಳೆಯಲು ಮತ್ತೆ ಅನುಮತಿ ಬೇಕು. ಕೆಲಸದಿಂದ ತೆಗೆದರೆ ಅಥವಾ ಹುದ್ದೆ ಇಳಿಸಿದರೆ ನೌಕರರು 30 ದಿನದೊಳಗೆ ಶಾಲಾ ನ್ಯಾಯಾಧಿಕರಣಕ್ಕೆ ಹೋಗಬೇಕು. ಹೋಗಬೇಕಾದವರು ನೌಕರರೇ, ಪಾಲಕರಲ್ಲ.

ಸಂಸ್ಥೆಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಜನರ ಒತ್ತಡಕ್ಕೆ ಮಣಿದು ಸಮಿತಿ ಸರಿಯಾಗಿ ರಚಿಸದೆ, ವಿವರಣೆಗೆ ಅವಧಿ ಕೊಡದೆ ಆದೇಶ ಹೊರಡಿಸಿದರೆ ಅದು ರದ್ದಾಗುತ್ತದೆ, ಹಿಂದಿನ ಸಂಬಳ ಕೊಟ್ಟು ಅವರನ್ನೇ ಮರಳಿ ಕೂರಿಸಬೇಕಾಗುತ್ತದೆ. ಪಾಲಕರು ಗದ್ದಲ ಮಾಡಿ ‘ಇವತ್ತೇ ತೀರ್ಮಾನ ಬೇಕು’ ಎಂದು ಹಟ ಹಿಡಿದರೆ, ನಿಜವಾಗಿ ತಪ್ಪು ಮಾಡಿದವರು ಕೂಡ ಕಾರ್ಯವಿಧಾನದ ದೋಷದ ಮೇಲೆ ಪಾರಾಗಿ ಬರುತ್ತಾರೆ.

ಇನ್ನೊಂದು ಅಂಶ ನಮ್ಮ ಸಂಸ್ಥೆಗಳಿಗೆ ವಿಶೇಷ. ಅಲ್ಪಸಂಖ್ಯಾತ ಶಾಲೆಯ ಮುಖ್ಯಸ್ಥರ ನೇಮಕಾತಿಗೆ ಎಂಇಪಿಎಸ್ ಕಾಯ್ದೆಯ ಕಲಂ 3(2) ವಿನಾಯಿತಿ ಕೊಡುತ್ತದೆ. ಅಂದರೆ ಹಿರಿತನ ದಾಟಿ ನೇಮಿಸಿದರು ಎಂಬ ತಕರಾರು ಇಲ್ಲಿ ಬೇರೆ ಶಾಲೆಗಳಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ನಿಮ್ಮ ಶಾಲೆಯ ಜಗಳದ ಬೇರು ಹಿರಿತನದಲ್ಲಿದ್ದರೆ ಶಿಕ್ಷಕರಿಗೆ ಇದನ್ನು ಯಾರಾದರೂ ಮೊದಲೇ ತಿಳಿಸುವುದು ಒಳ್ಳೆಯದು.

ಡೊಂಬಿವಿಲಿ ಪಿಟಿಎ:

ವಕೀಲರು ಹೇಳಿದ್ದು ಸರಿ, ಆದರೆ ‘ನೀವು ಪಕ್ಷಗಾರರಲ್ಲ’ ಅಂದ ಕೂಡಲೇ ಪಾಲಕರು ಕೈಕಟ್ಟಿ ಕೂರಬೇಕಿಲ್ಲ. ಮಕ್ಕಳ ಪಾಠ, ಸುರಕ್ಷತೆ, ಪರೀಕ್ಷೆ ಈ ಮೂರರಲ್ಲಿ ನೀವೇ ಮುಖ್ಯ ಪಕ್ಷ. ಬರೆಯುವುದೆಲ್ಲ ಅದರ ಬಗ್ಗೆ ಇರಲಿ.

ಮೊದಲು ಲೆಕ್ಕ ಇಡಿ. ಎರಡು ವಾರ, ಪ್ರತಿ ತರಗತಿಗೆ ಇಬ್ಬರು ಪಾಲಕರು. ಮಕ್ಕಳ ಡೈರಿ ಮತ್ತು ನೋಟ್‌ಬುಕ್ಕಿನ ತಾರೀಕು ನೋಡಿ ಬರೆಯುವುದು. ಒಂದು ಸಾಲು ಹೀಗೆ ಇರಲಿ:

‘ಜುಲೈ 14, 9ನೇ ಬಿ, 3ನೇ ಪೀರಿಯಡ್, ಗಣಿತ: ಪ್ರಾಕ್ಸಿ, ಪಾಠ ಆಗಿಲ್ಲ. ನೋಟ್‌ಬುಕ್ ಕೊನೆಯ ಸಲ ತಿದ್ದಿದ್ದು ಜೂನ್ 27.’

ಶಿಕ್ಷಕರ ಹೆಸರು ಬೇಡವೇ ಬೇಡ. ಹೆಸರು ಬರೆದ ಕ್ಷಣ ಅದು ಒಂದು ಕಡೆಯ ಸಾಕ್ಷಿಯಾಗಿಬಿಡುತ್ತದೆ, ಇನ್ನೊಂದು ಕಡೆಯವರು ಆ ಕಾಗದವನ್ನು ನಂಬುವುದಿಲ್ಲ. ‘ಅಮ್ಮ ಕೇಳಿದಳು’ ಎಂದು ಮಗುವಿನ ಹತ್ತಿರ ಟೀಚರ್ ಬಗ್ಗೆ ದಿನವೂ ವಿಚಾರಿಸುವುದೂ ಬೇಡ, ನೋಟ್‌ಬುಕ್ಕೇ ಸಾಕಷ್ಟು ಹೇಳುತ್ತದೆ.

ಈ ಲೆಕ್ಕಕ್ಕೆ ಒಂದು ಅಳತೆಗೋಲೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 1ರಿಂದ 5ಕ್ಕೆ ವರ್ಷಕ್ಕೆ 200 ದಿನ, 800 ಬೋಧನಾ ತಾಸು. 6ರಿಂದ 8ಕ್ಕೆ 220 ದಿನ, 1000 ತಾಸು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು, ಹಾಗಾಗಿ ನಿಮ್ಮಲ್ಲಿ ಇದನ್ನು ಹೋಲಿಕೆಗೆ ಮಾತ್ರ ಬಳಸಿ. ಒಂಬತ್ತು, ಹತ್ತಕ್ಕೆ ಯಾವ ಶಾಲೆಯಲ್ಲೂ ಈ ಕಾಯ್ದೆ ಅನ್ವಯಿಸದು, ಅಲ್ಲಿ ಬೋರ್ಡ್ ಪರೀಕ್ಷೆಯನ್ನೇ ಮುಂದಿಡಿ. ಭಾಷೆ, ಗಣಿತ, ವಿಜ್ಞಾನಗಳಲ್ಲಿ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದು. ಶಿಕ್ಷಕರು ಸಸ್ಪೆಂಡ್ ಆದರೆ ಆ ಅಂಕ ಯಾರು ಕೊಡುತ್ತಾರೆ, ಪ್ರ್ಯಾಕ್ಟಿಕಲ್ ಜರ್ನಲ್ ಯಾರು ಸಹಿ ಮಾಡುತ್ತಾರೆ ಎಂದು ಈಗಲೇ ಲಿಖಿತವಾಗಿ ಕೇಳಿ.

ಪಿಟಿಎ ಠರಾವಿನ ವಿಚಾರ. ಪಿಟಿಎ ಕಾರ್ಯಕಾರಿ ಸಮಿತಿಗೆ ಶಾಲೆಯ ಮುಖ್ಯಸ್ಥರೇ ಅಧ್ಯಕ್ಷರು, ಪಾಲಕರೊಬ್ಬರು ಉಪಾಧ್ಯಕ್ಷರು, ಶಿಕ್ಷಕರೊಬ್ಬರು ಕಾರ್ಯದರ್ಶಿ. 2011ರ ಶುಲ್ಕ ನಿಯಂತ್ರಣ ಕಾಯ್ದೆಯಲ್ಲಿರುವ ರಚನೆ ಇದೇ. ಜಗಳದ ಎರಡೂ ಕಡೆಯವರು ಅದೇ ಮೇಜಿನ ಮೇಲಿನವರು. ಅಲ್ಲಿ ಈ ವಿಷಯದ ಠರಾವು ತಂದರೆ ಅಧ್ಯಕ್ಷತೆ ಯಾರದು, ನಡಾವಳಿ ಬರೆಯುವವರು ಯಾರು ಎಂಬಲ್ಲಿಯೇ ಸಭೆ ಮುರಿಯುತ್ತದೆ. ತರಗತಿವಾರು ಪಾಲಕ ಪ್ರತಿನಿಧಿಗಳು ಪಾಲಕರಾಗಿಯೇ ಬೇರೆ ಪತ್ರ ಬರೆಯಲಿ, ಪಿಟಿಎ ಲೆಟರ್‌ಹೆಡ್ ಮುಟ್ಟಬೇಡಿ.

ಶಾಲಾ ವ್ಯವಸ್ಥಾಪನ ಸಮಿತಿ ಇದ್ದರೆ ಅದರಲ್ಲಿ 75 ಶೇಕಡಾ ಪಾಲಕರಿರುತ್ತಾರೆ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯ ನಂತರ ಅಲ್ಪಸಂಖ್ಯಾತ ಮತ್ತು ಅನುದಾನಿತ ಶಾಲೆಗಳಲ್ಲಿ ಅದು ಸಲಹೆ ಕೊಡುವ ಸಮಿತಿ ಮಾತ್ರ. ಸಲಹೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದು ಮುಂದೆ ಉಪಯೋಗಕ್ಕೆ ಬರುತ್ತದೆ.

ಕಲ್ಯಾಣ ತಂದೆ:

ಇಷ್ಟು ತಟಸ್ಥ ಯಾಕೆ? ವರ್ಷಗಟ್ಟಲೆ ಪ್ರಾಮಾಣಿಕವಾಗಿ ಕಲಿಸಿದ ಶಿಕ್ಷಕರನ್ನು ಒಬ್ಬರು ಹಿಂಸಿಸುತ್ತಿದ್ದರೆ ಪಾಲಕರು ಅವರ ಪರ ಸಹಿ ಹಾಕುವುದರಲ್ಲಿ ತಪ್ಪೇನಿದೆ? ನಾವೂ ಸುಮ್ಮನಿದ್ದರೆ ಅವರ ಪರ ಮಾತಾಡುವವರು ಯಾರು?

ಮಾಟುಂಗ ವಕೀಲ:

ನಿಮ್ಮ ಕಳಕಳಿ ನ್ಯಾಯವಾದದ್ದು. ಆದರೆ ಆ ಸಹಿಯಿಂದ ಶಿಕ್ಷಕರಿಗೇ ಪೆಟ್ಟು ಬೀಳಬಹುದು. ಪಾಲಕರ ಪತ್ರ ಹೊರಬಿದ್ದ ಮರುದಿನ ‘ಪಾಲಕರನ್ನು, ವಿದ್ಯಾರ್ಥಿಗಳನ್ನು ಸಂಸ್ಥೆಯ ವಿರುದ್ಧ ಎತ್ತಿಕಟ್ಟಿದರು’ ಎಂಬ ಹೊಸ ಆರೋಪ ಅವರ ಆರೋಪಪಟ್ಟಿಗೆ ಸೇರಬಹುದು. ಪತ್ರದ ಕರಡು ಶಿಕ್ಷಕರ ಫೋನಿನಿಂದಲೇ ವಾಟ್ಸ್ಯಾಪ್‌ನಲ್ಲಿ ಹರಿದಾಡಿದ್ದರೆ ಅದನ್ನು ಅಲ್ಲಗಳೆಯುವುದೂ ಕಷ್ಟ. ಅವರ ಪರ ನಿಲ್ಲಬೇಕೆನಿಸಿದರೆ ನಿಮ್ಮ ಮಗುವಿಗೆ ಅವರು ಏನು ಕಲಿಸಿದರು, ಹೇಗೆ ಕಲಿಸಿದರು ಎಂದು ನಿಮ್ಮ ಹೆಸರಿನಲ್ಲಿ, ನಿಮ್ಮ ಮಾತಿನಲ್ಲಿ ಒಂದು ಪುಟ ಬರೆದು ಕೊಡಿ. ಚೌಕಶಿಯಲ್ಲಿ ಅವರು ಅದನ್ನು ಹಾಜರುಪಡಿಸಬಹುದು. ಒಂದೇ ಮಾದರಿಯ ಇನ್ನೂರು ಸಹಿಗಿಂತ ಅಂಥ ಐದು ಪತ್ರಗಳಿಗೆ ತೂಕ ಹೆಚ್ಚು.

ಒತ್ತಡ ಹಾಕಿ ರಾಜೀನಾಮೆ ಬರೆಸಿಕೊಳ್ಳುವ ಪ್ರಯತ್ನ ನಡೆದರೆ ಶಿಕ್ಷಕರು ಕಲಂ 7 ಓದಲಿ. ರಾಜೀನಾಮೆ ಎರಡು ಪ್ರತಿಯಲ್ಲಿರಬೇಕು, ಎರಡಕ್ಕೂ ಸಹಿ ಮತ್ತು ತಾರೀಕು ಹಾಕಿ ಒಂದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು. ಕ್ಯಾಬಿನ್ನಿನಲ್ಲಿ ಕೂರಿಸಿ ತಾರೀಕಿಲ್ಲದೆ ಬರೆಸಿಕೊಂಡ ಚೀಟಿಯನ್ನು ಪ್ರಶ್ನಿಸಲು ಅವಕಾಶವಿದೆ.

ಗುಂಪಿನಲ್ಲಿ ಬರೆಯುವಾಗಲೂ ಎಚ್ಚರ. ‘ಮೇಡಂ ದುಡ್ಡು ತಿಂದಿದ್ದಾರೆ’ ಎಂದು ಆಧಾರವಿಲ್ಲದೆ ಫಾರ್ವರ್ಡ್ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಡಿ ಮಾನಹಾನಿ ಮೊಕದ್ದಮೆ ಎದುರಿಸಬೇಕಾಗಬಹುದು.

ಹಳೇ ಹೆಡ್‌ಕ್ಲಾರ್ಕ್:

ಕಚೇರಿ ಕಡೆಯ ಮಾತು ಹೇಳುತ್ತೇನೆ, ಇದನ್ನು ಯಾರೂ ಗಮನಿಸುವುದಿಲ್ಲ. ಅನುದಾನಿತ ಶಾಲೆಯಲ್ಲಿ ಸಂಬಳದ ಬಿಲ್ಲು ‘ಶಾಲಾರ್ಥ್’ ಪ್ರಣಾಲಿಯಲ್ಲಿ ಮುಖ್ಯಾಧ್ಯಾಪಕರ ಲಾಗಿನ್ನಿನಿಂದ ವೇತನ ಪಥಕಕ್ಕೆ (ಇಲಾಖೆಯ ಸಂಬಳ ವಿಭಾಗ) ಹೋಗುತ್ತದೆ. ಮುಖ್ಯಾಧ್ಯಾಪಕಿಯವರನ್ನೇ ರಜೆಯ ಮೇಲೆ ಕಳಿಸಿದರೆ ಅಥವಾ ಸಸ್ಪೆಂಡ್ ಮಾಡಿದರೆ, ಪ್ರಭಾರಿಯವರ ಸಹಿಗೆ ಇಲಾಖೆಯ ಮಾನ್ಯತೆ ಬರುವವರೆಗೆ ಬಿಲ್ಲು ನಿಲ್ಲುತ್ತದೆ. ಎಲ್ಲ ಶಿಕ್ಷಕರ ಸಂಬಳ ತಡವಾಗುತ್ತದೆ, ಸ್ಟಾಫ್‌ರೂಮಿನ ಬಿಸಿ ಇನ್ನೂ ಏರುತ್ತದೆ. ಮಕ್ಕಳಿಗೆ ತಟ್ಟುವುದು ಲೀವಿಂಗ್ ಸರ್ಟಿಫಿಕೇಟ್, ಬೋನಫೈಡ್ ಮತ್ತು ಹತ್ತನೆಯವರ ಹಾಲ್‌ಟಿಕೆಟ್. ಇವಕ್ಕೆಲ್ಲ ಮುಖ್ಯಸ್ಥರ ಸಹಿ, ಶಿಕ್ಕಾ ಬೇಕು. ಆದ್ದರಿಂದ ಪಾಲಕರ ಪತ್ರದಲ್ಲಿ ‘ಬದಲಿ ವ್ಯವಸ್ಥೆಯಾದರೆ ಸಹಿ ಅಧಿಕಾರದ ಮಾನ್ಯತೆಯನ್ನು ಮೊದಲೇ ಪಡೆಯಿರಿ’ ಎಂಬ ಸಾಲು ಇರಲೇಬೇಕು.

ಪತ್ರ ಯಾರಿಗೆ? ಮೊದಲು ಸಂಸ್ಥೆಯ ಅಧ್ಯಕ್ಷರಿಗೆ ಮತ್ತು ಕಾರ್ಯದರ್ಶಿಗೆ, ಮುಖ್ಯಾಧ್ಯಾಪಕಿಯವರಿಗೆ ಪ್ರತಿ. ಸಂಸ್ಥೆಗೆ ಹದಿನೈದು ದಿನದ ಅವಕಾಶ ಕೊಡಿ. ಉತ್ತರ ಬರದಿದ್ದರೆ ಇಲಾಖೆಗೆ. ಬೃಹನ್ಮುಂಬಯಿಯಲ್ಲಿ ಹೈಸ್ಕೂಲು ವಿಭಾಗಕ್ಕೆ ಶಿಕ್ಷಣ ನಿರೀಕ್ಷಕರು. ದಕ್ಷಿಣ, ಉತ್ತರ, ಪಶ್ಚಿಮ ಎಂದು ಮೂರು ವಿಭಾಗಗಳಿವೆ, ನಿಮ್ಮ ಶಾಲೆ ಯಾವುದರಲ್ಲಿ ಬರುತ್ತದೆಂದು ಶಾಲೆಯ ಯಾವುದೇ ಹಳೆಯ ಸುತ್ತೋಲೆಯಲ್ಲಿ ಇರುತ್ತದೆ. ಪ್ರಾಥಮಿಕ ವಿಭಾಗದ್ದು ಮಹಾನಗರಪಾಲಿಕೆಯ ಶಿಕ್ಷಣ ಖಾತೆ. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದರೆ ‘ಇದು ನಮ್ಮದಲ್ಲ’ ಎಂದು ಎರಡೂ ಕಡೆ ಫೈಲು ಕೂರುತ್ತದೆ.

ಪತ್ರ ಮರಾಠಿಯಲ್ಲಿರಲಿ, ಒಂದೂವರೆ ಪುಟ ಮೀರದಿರಲಿ, ತರಗತಿವಾರು ತಪ್ಪಿದ ಪೀರಿಯಡ್ ಪಟ್ಟಿ ಲಗತ್ತಿಸಿ. ಎರಡು ಪ್ರತಿ ಒಯ್ದು ನಿಮ್ಮ ಪ್ರತಿಯ ಮೇಲೆ ಆವಕ (ಇನ್‌ವರ್ಡ್) ನಂಬರ್, ತಾರೀಕು, ಶಿಕ್ಕಾ ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ. ಆ ನಂಬರ್ ಇಲ್ಲದೆ ಮುಂದಿನ ಸಲ ಹೋದರೆ ನಿಮ್ಮ ಕಾಗದ ಹುಡುಕಿ ಕೊಡುವವರಿಲ್ಲ.

ಮಾಹಿತಿ ಹಕ್ಕಿನಲ್ಲಿ ಶಿಕ್ಷಕರ ಮೆಮೊ, ನೋಟಿಸ್ ಕೇಳಬೇಡಿ. ಅವು ವೈಯಕ್ತಿಕ ಮಾಹಿತಿ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಹೇಳಿದೆ, ಅರ್ಜಿ ತಿರಸ್ಕಾರವಾಗುತ್ತದೆ. ಕೇಳಬೇಕಾದ್ದು ಸಂಚ ಮಾನ್ಯತೆ, ಅಂದರೆ ಎಷ್ಟು ಹುದ್ದೆ ಮಂಜೂರು, ಎಷ್ಟು ಖಾಲಿ. ಜೊತೆಗೆ ಕೊನೆಯ ಶಾಲಾ ತಪಾಸಣೆಯ ವರದಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ. ಎಷ್ಟೋ ಸಲ ಖಾಲಿ ಹುದ್ದೆಗಳ ಹೊರೆ ಉಳಿದವರ ಮೇಲೆ ಬಿದ್ದೇ ರಜೆ, ತಾಸು, ಮೆಮೊ ಎಂದು ಜಗಳ ಶುರುವಾಗಿರುತ್ತದೆ. ಪಾಲಕರು ಖಾಲಿ ಹುದ್ದೆ ತುಂಬಿಸಿ ಎಂದು ಒತ್ತಾಯಿಸಿದರೆ ಎರಡೂ ಕಡೆಯವರಿಗೆ ಅದು ಬೇಕಾದದ್ದೇ.

ಪುಣೆ ಕನ್ನಡತಿ:

ಪುಣೆಯವರು ಓದುತ್ತಿದ್ದರೆ: ಇಲ್ಲಿ ಹೈಸ್ಕೂಲಿಗೆ ಜಿಲ್ಲಾ ಪರಿಷತ್ತಿನ ಮಾಧ್ಯಮಿಕ ಶಿಕ್ಷಣಾಧಿಕಾರಿ.

ಮೇಲೆ ಹೇಳಿದ ಸಾವಧಾನ ಎರಡು ಸಂದರ್ಭಗಳಲ್ಲಿ ನಡೆಯುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಹದಿನೈದು ದಿನ ಕಾಯುವಂತಿಲ್ಲ, ಸಂಸ್ಥೆಯ ‘ಆಂತರಿಕ ವಿಚಾರಣೆ’ ಮುಗಿಯಲಿ ಎನ್ನುವಂತಿಲ್ಲ. ಪೋಕ್ಸೊ ಕಾಯ್ದೆಯ ಕಲಂ 19ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದವರಿಗೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಇನ್ನೊಂದು, ಶಿಕ್ಷಕಿಯೊಬ್ಬರು ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದರೆ ಅದು 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಗೆ ಹೋಗಬೇಕು. ಅವರ ಹೆಸರು, ದೂರಿನ ವಿವರ ಹೊರಗೆ ಹೇಳುವುದನ್ನು ಕಲಂ 16 ತಡೆಯುತ್ತದೆ. ಬೆಂಬಲ ಕೊಡುತ್ತೇವೆಂದು ಪಾಲಕರ ಗುಂಪಿನಲ್ಲಿ ಹೆಸರು ಹಾಕಬೇಡಿ.

ಮಕ್ಕಳ ಕೈಯಲ್ಲಿ ಫಲಕ ಹಿಡಿಸುವುದು, ಅವರಿಂದ ಪತ್ರ ಬರೆಸುವುದು ಯಾವ ಕಡೆಯವರು ಮಾಡಿದರೂ ತಕ್ಷಣ ಲಿಖಿತವಾಗಿ ಆಕ್ಷೇಪಿಸಿ. ಚೌಕಶಿ ಸಮಿತಿ ಮಗುವಿನ ಹೇಳಿಕೆ ಕೇಳಿದರೆ ಮೊದಲೇ ಬರಹದಲ್ಲಿ ತಿಳಿಸಬೇಕು, ತಂದೆ ಅಥವಾ ತಾಯಿ ಜೊತೆಗಿರಬೇಕು ಎಂದು ಸಂಸ್ಥೆಗೆ ಈಗಲೇ ಬರೆದಿಡಿ.

ಮುಲುಂಡಿನ ತಾಯಿ:

ತುಂಬ ಉಪಕಾರವಾಯಿತು. ಸಂಸ್ಥೆ ‘ಪಾಲಕರ ಪತ್ರ ಸ್ವೀಕರಿಸುವುದಿಲ್ಲ’ ಅಂದರೆ?

ಹಳೇ ಹೆಡ್‌ಕ್ಲಾರ್ಕ್:

ವಾದಕ್ಕೆ ನಿಲ್ಲಬೇಡಿ. ಅದೇ ದಿನ ಪೋಸ್ಟಾಫೀಸಿಗೆ ಹೋಗಿ ಸಂಸ್ಥೆಯ ನೋಂದಾಯಿತ ವಿಳಾಸಕ್ಕೆ ಪೋಚ್ ಪಾವತಿ (ತಲುಪಿದ್ದಕ್ಕೆ ರಸೀದಿ) ಸಹಿತ ಪತ್ರ ಕಳಿಸಿ. ಲಕೋಟೆ ತಿರಸ್ಕೃತವಾಗಿ ಮರಳಿ ಬಂದರೆ ಒಡೆಯದೆ ಹಾಗೇ ಇಟ್ಟುಕೊಳ್ಳಿ, ಅಂಚೆಯವರ ಶರಾ ಇರುವ ಬದಿಯ ಝೆರಾಕ್ಸ್ ತೆಗೆಸಿ ನಿರೀಕ್ಷಕರ ಕಚೇರಿಯ ಪತ್ರಕ್ಕೆ ಲಗತ್ತಿಸಿ.