ಸಿಂಗಲ್ ಫೇಸ್ ಮನೆಯಲ್ಲಿ 3 ಫೇಸ್ ಲೇತಿಗೆ ವಿಎಫ್‌ಡಿ ಹಾಕುವುದು ಹೇಗೆ?

ಪ್ರಶ್ನೆ
ಶೆಡ್ಡಿನಲ್ಲಿ ನಾಲ್ಕೂವರೆ ಅಡಿ ಲೇತ್ ಇದೆ. ಮೋಟರ್ 1 ಎಚ್‌ಪಿ, 3 ಫೇಸ್. ಪ್ಲೇಟಿನ ಮೇಲೆ 415 ವೋಲ್ಟ್, ಸ್ಟಾರ್ (ಮೂರು ವೈಂಡಿಂಗಿನ ಒಂದೊಂದು ತುದಿ ಒಟ್ಟಿಗೆ ಸೇರಿಸಿರೋ ಜೋಡಣೆ), 1.8 ಆಂಪ್ಸ್ ಅಂತಿದೆ. ಮನೆಗೆ ಬರೋದು ಸಿಂಗಲ್ ಫೇಸ್. ಯಾವ ವಿಎಫ್‌ಡಿ (ಸಿಂಗಲ್ ಫೇಸನ್ನು 3 ಫೇಸ್ ಮಾಡಿ ಮೋಟರಿನ ಸ್ಪೀಡ್ ಬದಲಾಯಿಸೋ ಡ್ರೈವ್) ತಗೋಬೇಕು? ಪಕ್ಕದಲ್ಲಿರೋ ಕೆಪಾಸಿಟರ್ ಮೋಟರಿನ ಡ್ರಿಲ್ಲಿಂಗ್ ಮಷಿನ್ನಿಗೂ ಅದೇ ಆಗುತ್ತಾ?

ಉತ್ತರ 1
ಡ್ರಿಲ್ಲಿಂಗ್ ಮಷಿನ್ನಿಗೆ ಬೇಡವೇ ಬೇಡ. ಸ್ಪೀಡ್ ಸಾಕಷ್ಟು ಇಳಿದರೆ ಮೋಟರಿನೊಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ (ಮೋಟರ್ ವೇಗ ಹಿಡಿದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ಕಡಿಯೋ ಸ್ವಿಚ್) ಮತ್ತೆ ಕೂಡಿಕೊಳ್ಳುತ್ತೆ, ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟುಹೋಗುತ್ತೆ.

ಲೇತಿಗೆ ಸಿಂಗಲ್ ಫೇಸ್ 230 ವೋಲ್ಟ್ ಇನ್‌ಪುಟ್ಟಿನ 0.75 ಕಿಲೋವ್ಯಾಟ್ ಡ್ರೈವ್ ಸಾಕು. ಅದು ಹೊರಗೆ ಕೊಡೋದೂ 230 ವೋಲ್ಟೇ, ಹಾಗಾಗಿ ಮೋಟರನ್ನು ಡೆಲ್ಟಾಗೆ (ಮೂರು ವೈಂಡಿಂಗನ್ನು ತುದಿಗೆ ತುದಿ ಸೇರಿಸಿ ತ್ರಿಕೋನ ಮಾಡೋ ಜೋಡಣೆ) ಬದಲಾಯಿಸಬೇಕು. ಟರ್ಮಿನಲ್ ಬಾಕ್ಸಿನಲ್ಲಿ ಆರು ಬೋಲ್ಟ್ ಇದ್ದರೆ, ಒಂದೇ ಸಾಲಿನಲ್ಲಿ ಅಡ್ಡ ಇರೋ ಪಟ್ಟಿಗಳನ್ನು ಬಿಚ್ಚಿ ಮೂರನ್ನು ಉದ್ದಕ್ಕೆ ಹಾಕಿ. ಮೂರೇ ವೈರ್ ಹೊರಗೆ ಬಂದಿದ್ದರೆ ಸ್ಟಾರ್ ಜಾಯಿಂಟ್ ವೈಂಡಿಂಗಿನೊಳಗಿದೆ. ರಿವೈಂಡಿಂಗ್ ಅಂಗಡಿಯಲ್ಲಿ ಆರೂ ತುದಿ ಹೊರಗೆ ತೆಗೆಸಿ. ಸ್ಟಾರಿನಲ್ಲೇ ಬಿಟ್ಟರೆ ಟಾರ್ಕ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಸ್ವಲ್ಪ ಕಟ್ ಕೊಟ್ಟರೂ ನಿಂತುಬಿಡುತ್ತೆ. ಡೆಲ್ಟಾದಲ್ಲಿ ಕರೆಂಟ್ 1.8 ಅಲ್ಲ, ಸುಮಾರು 3.1 ಆಂಪ್ಸ್. ಡ್ರೈವಿನ ಮೋಟರ್ ಕರೆಂಟ್ ಸೆಟ್ಟಿಂಗಿಗೆ ಇದನ್ನೇ ಕೊಡಿ.

ಉತ್ತರ 2
ಲೇತಿನ ಹಳೇ ಫಾರ್ವರ್ಡ್-ರಿವರ್ಸ್ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟರಿನ ನಡುವೆ ಬಿಡಬೇಡಿ. ಓಡುವಾಗ ಅಲ್ಲಿ ಸರ್ಕ್ಯೂಟ್ ಕಡಿದರೆ ಡ್ರೈವಿನ ಟ್ರಾನ್ಸಿಸ್ಟರ್‌ಗಳು ಹೋಗಬಹುದು. ಮೋಟರ್ ವೈರು ನೇರ ಡ್ರೈವಿಗೇ ಹೋಗಲಿ, ಸ್ವಿಚ್ಚಿನ ಕಾಂಟ್ಯಾಕ್ಟ್‌ಗಳು ಕಂಟ್ರೋಲ್ ಟರ್ಮಿನಲ್ಲಿಗೆ.

ಆದರೆ ಸ್ವಿಚ್ ಆನ್ ಇದ್ದಾಗ ಕರೆಂಟ್ ಹೋಗಿ ಬಂದರೆ ಚಕ್ (ಕೆಲಸದ ತುಂಡನ್ನು ಹಿಡಿದು ತಿರುಗೋ ಭಾಗ) ತಾನಾಗಿ ತಿರುಗೋಕೆ ಶುರುವಾಗಬಹುದು. ನಮ್ಮ ಊರುಗಳಲ್ಲಿ ಇದು ದಿನನಿತ್ಯದ ಅಪಾಯ. ಸ್ಟಾರ್ಟ್, ಸ್ಟಾಪ್ ಪುಶ್ ಬಟನ್ ಹಾಕಿ 3 ವೈರ್ ಕಂಟ್ರೋಲಿಗೆ ಸೆಟ್ ಮಾಡಿ. ಮತ್ತೆ ಸ್ಟಾರ್ಟ್ ಒತ್ತೋವರೆಗೂ ಓಡಲ್ಲ.

ಅರ್ತಿಂಗ್ ತಪ್ಪಿಸಲೇಬೇಡಿ. ಡ್ರೈವನ್ನು ಕಬ್ಬಿಣದ ಚೂರು ಹಾರದ ಕಡೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಬಿಸಿ ಹೊರಗೆ ಹೋಗಲು ಫಿಲ್ಟರ್ ಇರೋ ಫ್ಯಾನ್ ಕೊಡಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ನಿಂತಿರುತ್ತೆ. ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಮೀಟರ್ ಹಿಡಿದು ನೋಡಿ ಕೈ ಹಾಕಿ.

ಪ್ರಶ್ನೆ ಕೇಳಿದವರು
ಆರು ಬೋಲ್ಟ್ ಇತ್ತು, ಡೆಲ್ಟಾ ಮಾಡಿದೆ, ಚೆನ್ನಾಗಿ ಓಡ್ತಿದೆ. ಸ್ಟಾಪ್ ಒತ್ತಿದಾಗ ಮಾತ್ರ ಓವರ್ ವೋಲ್ಟೇಜ್ ಅಂತ ಟ್ರಿಪ್ ಆಗುತ್ತೆ. ಡಿಸೆಲರೇಶನ್ (ನಿಲ್ಲೋಕೆ ಕೊಡೋ ಸಮಯ) 1 ಸೆಕೆಂಡ್ ಇಟ್ಟಿದ್ದೀನಿ. ನಿಲ್ಲುವಾಗ ವಾಪಸ್ ಬರೋ ಶಕ್ತಿಯನ್ನು ಬಿಸಿಯಾಗಿ ಕಳೆಯೋ ಬ್ರೇಕಿಂಗ್ ರೆಸಿಸ್ಟರ್ ಹಾಕಲಾ? ಚಕ್ ಥ್ರೆಡ್ಡಿನಲ್ಲಿ ಕೂರೋದು.

ಉತ್ತರ 1
ಥ್ರೆಡ್ ಚಕ್ ಆದರೆ ರೆಸಿಸ್ಟರ್ ಬೇಡ ಸಾರ್. ಚಕ್ಕಿನ ತೂಕ ಮೋಟರನ್ನು ಜನರೇಟರ್ ಮಾಡಿ ಕರೆಂಟನ್ನು ಡ್ರೈವಿಗೆ ವಾಪಸ್ ತಳ್ಳುತ್ತೆ, ಅದಕ್ಕೇ ಟ್ರಿಪ್. ರೆಸಿಸ್ಟರ್ ಹಾಕಿದರೆ ಟ್ರಿಪ್ ನಿಲ್ಲುತ್ತೆ, ಆದರೆ ಸ್ಪಿಂಡಲ್ ಗಕ್ಕನೆ ನಿಂತು ಚಕ್ ತನ್ನ ರಭಸಕ್ಕೆ ಥ್ರೆಡ್ ಬಿಚ್ಚಿಕೊಂಡು ಬರಬಹುದು. ಡಿಸೆಲರೇಶನ್ 6ರಿಂದ 8 ಸೆಕೆಂಡಿಗೆ ಏರಿಸಿ. ಚಕ್ ಪೂರ್ತಿ ನಿಲ್ಲದೆ ರಿವರ್ಸ್ ಕೊಡಬೇಡಿ.

ಉತ್ತರ 3
ಬೆಲ್ಟ್, ಬ್ಯಾಕ್ ಗೇರ್ (ಸ್ಪಿಂಡಲ್ ಸ್ಪೀಡ್ ಇಳಿಸಿ ಟಾರ್ಕ್ ಹೆಚ್ಚಿಸೋ ಗೇರ್) ತೆಗೆದುಹಾಕಬೇಡಿ. 10 ಹರ್ಟ್ಸಿನಲ್ಲಿ ನಿಮ್ಮ 1 ಎಚ್‌ಪಿ ಮೋಟರ್ ಕೊಡೋದು ಐದನೇ ಒಂದು ಭಾಗ ಶಕ್ತಿ ಅಷ್ಟೇ. ದೊಡ್ಡ ವ್ಯಾಸದ ಜಾಬಿಗೆ ಬ್ಯಾಕ್ ಗೇರ್ ಹಾಕಿ 50 ಹರ್ಟ್ಸ್ ಹತ್ತಿರವೇ ಓಡಿಸಿ. 20 ಹರ್ಟ್ಸಿಗಿಂತ ಕೆಳಗೆ ಬಹಳ ಹೊತ್ತು ಓಡಿಸಿದರೆ ಮೋಟರಿನ ಸ್ವಂತ ಫ್ಯಾನಿನ ಗಾಳಿ ಸಾಲದೆ ಬಾಡಿ ಕಾಯುತ್ತೆ. ಹಿಂದೆ ಬೇರೆ 230 ವೋಲ್ಟ್ ಫ್ಯಾನ್ ಇಡಿ. 50 ಹರ್ಟ್ಸಿಗಿಂತ ಮೇಲಕ್ಕೆ ಹೋಗೋದಾದರೆ ಚಕ್ ಮೇಲೆ ಬರೆದಿರೋ ಗರಿಷ್ಠ ಆರ್‌ಪಿಎಂ ನೋಡಿ ಮಿತಿ ಕಟ್ಟಿ.